ಬಡಿಗಿ ಮಾಮನ ದೋಣಿ

ಮೊನ್ನೆ ಸಿರುಗುಪ್ಪದ ನಮ್ಮ ಮನೆಯ ಮುಂದಿನ ರಸ್ತೆಗೆ ಡಾಂಬರು ಹಾಕಿದರು. ಡ್ರಮ್ಮಿನ ಕೆಳಗೆ ಬೆಂಕಿ ಉರಿಯುತ್ತಿತ್ತು, ಹೊಗೆ ಸೀದಾ ನಮ್ಮ ಪಡಸಾಲೆಗೆ ನುಗ್ಗುತ್ತಿತ್ತು. ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲು ಹಾಕಲು ಬಂದಳು. "ಇರ್ಲಿ ಬಿಡವ್ವ, ಒಂದೀಟು ಹೊತ್ತು ತೆಗೆದಿರ್ಲಿ" ಎಂದೆ. ಅತ್ತೆಗೆ ತಲೆ ಕೆಟ್ಟಿದೆ ಎನ್ನುವ ಹಾಗೆ ನೋಡಿ ಒಳಗೆ ಹೋದಳು. ಅವಳಿಗೇನು ಗೊತ್ತು? ನನಗೆ ಆ ವಾಸನೆಯಲ್ಲಿ ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಗಾಡಿ ಕಾರ್ಖಾನೆಯ ಅಂಗಳ ಕಾಣುತ್ತಿತ್ತು, ಅಂಗಳದಲ್ಲಿ ಬೋರಲು ಮಲಗಿದ ದೋಣಿ, ದೋಣಿಯ ಬೆನ್ನಿಗೆ ಬಿಸಿ ಡಾಂಬರು ಬಳಿಯುತ್ತ ಕೂತ ಬಡಿಗಿ ಮಾಮ...

ಮಾಮ ಎಂದರೆ ಸಂಬಂಧಿಕರೇನಲ್ಲ. ನಮ್ಮ ತವರುಮನೆಗೂ ಅವರ ಕಾರ್ಖಾನೆಗೂ ನಡುವೆ ಒಂದೇ ಗೋಡೆ. ನಮ್ಮಪ್ಪ ಸಗಟು ಅಂಗಡಿಗಳಲ್ಲಿ ಮೂಟೆ ಹೊರುತ್ತಿದ್ದರು, ಅವರು ಎತ್ತಿನಗಾಡಿ ಮಾಡುತ್ತಿದ್ದರು. ಕುರುಗೋಡು ಕಡೆಯ ರೈತರು ಅವರ ಕೈಯ ಗಾಲಿ ಎಂದರೆ ಕಣ್ಣುಮುಚ್ಚಿ ಒಯ್ಯುತ್ತಿದ್ದರು. ಮಾತು ಕಡಿಮೆ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ಹೊಸ ಗಾಡಿ ಮುಗಿದ ಮೇಲೆ ಮೊದಲು ತಾವೇ ಹತ್ತಿ ಕೂತು ಓಣಿಯ ಕೊನೆಯವರೆಗೆ ಹೋಗಿ ಬರುತ್ತಿದ್ದರು. ಮಾಡಿದವನು ಕೂರದ ಗಾಡಿಯಲ್ಲಿ ಬೇರೆಯವರನ್ನು ಕೂರಿಸಬಾರದು ಎಂಬುದು ಅವರ ನೇಮ.

ನಾನು ಮದುವೆಯಾಗಿ ಸಿರುಗುಪ್ಪದ ಹೊಳೆ ದಂಡೆಗೆ ಬಂದೆ. ಬಳ್ಳಾರಿಯ ಬಿಸಿಲಲ್ಲಿ ಬೆಳೆದವಳಿಗೆ ಕೊಡದಲ್ಲಿ ತುಂಬಿದ್ದಷ್ಟೇ ನೀರು. ಇಲ್ಲಿ ನೋಡಿದರೆ ತುಂಗಭದ್ರೆ ಹಿತ್ತಲಿನಲ್ಲೇ ಹರಿಯುತ್ತಿದ್ದಳು. ಮಾವನ ಕಾಲದಿಂದಲೂ ಹರಿಗೋಲು ಹಾಕುವ ಮನೆತನ, ನಮ್ಮ ಮನೆಯವರು ನಡೆಯುವುದಕ್ಕೆ ಮೊದಲು ಈಜು ಕಲಿತವರು. ನಾನು ಮಾತ್ರ ದಿನಾ ರೊಟ್ಟಿ ಬಡಿಯುತ್ತ ಹೊಳೆಯ ಕಡೆ ಒಂದು ಕಣ್ಣು ಇಟ್ಟೇ ಇರುತ್ತಿದ್ದೆ. ಅವರು ಬರುವುದು ಸ್ವಲ್ಪ ತಡವಾದರೂ ಒಲೆ ಬಿಟ್ಟು ದಂಡೆಗೆ ಓಡುತ್ತಿದ್ದೆ. ಅತ್ತೆ ನಗುತ್ತಿದ್ದರು. "ಹೊಳಿ ನಿನ್ನ ಗಂಡನ್ನ ನುಂಗಾಕ ಕಾಯ್ಕೊಂಡು ಕುಂತಿಲ್ಲವ್ವ, ಅದಕ್ಕೂ ಬ್ಯಾರೆ ಕೆಲಸ ಐತಿ."

ಎಪ್ಪತ್ತರ ದಶಕದ ಕೊನೆಯ ಮಾತು. ಬಳ್ಳಾರಿಯಿಂದ ನಾಲ್ಕು ಜನ ದೊಡ್ಡ ಮನುಷ್ಯರು ಭಾನುವಾರ ಜೀಪಿನಲ್ಲಿ ಬಂದು ಗಾಳ ಹಾಕಿ ಮೀನು ಹಿಡಿಯುವ ಗೀಳು ಹಚ್ಚಿಕೊಂಡಿದ್ದರು. ಅವರಲ್ಲಿ ಹಿರಿಯರು ಒಬ್ಬ ಡಾಕ್ಟರು, ಮಂಡಿನೋವಿನವರು. ಬುಟ್ಟಿಯಂಥ ಹರಿಗೋಲಿನಲ್ಲಿ ಮುದುಡಿಕೊಂಡು ಕೂರಲು ಅವರಿಗೆ ಆಗುತ್ತಿರಲಿಲ್ಲ. ಅದು ನೀರಲ್ಲಿ ಗರಗರ ತಿರುಗಿದಾಗ ನಾಲ್ವರ ಗಾಳದ ದಾರವೂ ಒಂದಕ್ಕೊಂದು ಸುತ್ತಿಕೊಂಡು ಮೀನಿನ ಬದಲು ಪರಸ್ಪರ ಅಂಗಿ ಹಿಡಿಯುತ್ತಿದ್ದರು. ಮರದ್ದೊಂದು ದೋಣಿ ಮಾಡಿಸು, ಪ್ರತಿ ಭಾನುವಾರ ನಾವೇ ಬಾಡಿಗೆಗೆ ಹಿಡಿಯುತ್ತೇವೆ ಎಂದರು. ಎತ್ತರದ ನಾಲ್ಕು ಪೀಠ, ಹಿಡಿದ ಮೀನು ಬಿಡಲು ನಡುವೆ ಒಂದು ತೊಟ್ಟಿ, ಮೇಲೆ ನೆರಳು. ನಮ್ಮವರ ಕಣ್ಣಲ್ಲಿ ಅಂದೇ ಆ ದೋಣಿ ತೇಲತೊಡಗಿತು.

ಆದರೆ ನಮ್ಮ ಕಡೆ ಮರದ ದೋಣಿ ಮಾಡುವವರು ಯಾರಿದ್ದರು? ಆಗ ನಾನು ಬಾಯಿ ಬಿಟ್ಟೆ. "ನಮ್ಮ ಓಣ್ಯಾಗ ಬಡಿಗಿ ಮಾಮ ಅದಾರ."

"ಗಾಡಿ ಮಾಡೋರು ದೋಣಿ ಮಾಡ್ತಾರೇನ್ಲೇ?"

"ಅವರ ಕೈಯಾಗ ಆಗಂಗಿಲ್ಲ ಅನ್ನೋದು ಯಾವ್ದೂ ಇಲ್ಲ" ಎಂದೆ. ತವರಿನ ಜಂಬ, ಬೇರೇನೂ ಅಲ್ಲ. ಹೇಳಿದ ಮರುಕ್ಷಣವೇ ಕಣ್ಣು ಹೊಳೆಯ ಕಡೆ ಹೋಯಿತು. ನನ್ನ ಒಂದು ಮಾತಿನ ಮೇಲೆ ನನ್ನ ಗಂಡ ನಡುಹೊಳೆಗೆ ಹೋಗುತ್ತಾರೆ, ಜೊತೆಗೆ ಈಜು ಬಾರದ ನಾಲ್ವರು. ಬೇಡ ಎಂದು ಹೇಳೋಣವೆಂದರೆ ನಮ್ಮವರು ಆಗಲೇ ಬಳ್ಳಾರಿ ಬಸ್ಸು ಹತ್ತಿಯಾಗಿತ್ತು.

ಮಾಮ ಒಪ್ಪಿಕೊಂಡರು. ಟೈರಿನ ಗಾಡಿಗಳು ಬಂದು ಮರದ ಗಾಲಿ ಕೇಳುವವರು ಕಡಿಮೆಯಾಗುತ್ತಿದ್ದ ಕಾಲ ಅದು. ಹೊಸಪೇಟೆಯ ಡ್ಯಾಮಿಗೆ ಹೋಗಿ ಒಂದು ಇಡೀ ದಿನ ಅಲ್ಲಿನ ದೋಣಿಯೊಂದನ್ನು ನೋಡುತ್ತ ಕೂತರಂತೆ. ಬರುವಾಗ ಅವರ ಕೈಯಲ್ಲಿ ಗಂಟುಗಂಟಾದ ಒಂದು ದಾರ, ಅದೇ ಅವರ ಅಳತೆ. ಆಮೇಲೆ ಡಾಕ್ಟರ ದವಾಖಾನೆಗೆ ಹೋಗಿ ರೋಗಿಗಳ ಸಾಲಿನಲ್ಲಿ ಕೂತು, ತಮ್ಮ ಸರದಿ ಬಂದಾಗ ಡಾಕ್ಟರ ಮಂಡಿಯಿಂದ ಪಾದದವರೆಗೆ ಅಳೆದುಕೊಂಡು ಬಂದರು. ಮೀನು ತಿನ್ನುವುದಿರಲಿ, ಮುಟ್ಟಿಯೂ ನೋಡದವರು "ಮೀನ ಎಷ್ಟು ಉದ್ದ ಇರ್ತಾವ್ರಿ?" ಎಂದು ನಮ್ಮವರನ್ನು ಕೇಳಿ ತೊಟ್ಟಿಯ ಅಳತೆ ಹಾಕಿದರು.

ದೀಪಾವಳಿ ಮುಗಿಸಿ ತವರಿಗೆ ಹೋದಾಗ ನಾನು ದಿನಾ ಆ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದೆ. ಸಾಗವಾನಿ ಹಲಗೆಗಳನ್ನು ಬಾಗಿಸಿ ಕೂಡಿಸುತ್ತಿದ್ದರು. ಸಂದಿಗಳಿಗೆ ಹತ್ತಿಯನ್ನು ಎಣ್ಣೆ, ರಾಳದಲ್ಲಿ ಅದ್ದಿ ತುಂಬಿ, ಮೇಲೆ ಬಿಸಿ ಡಾಂಬರು ಬಳಿಯುತ್ತಿದ್ದರು. "ನೀರು ಬರಂಗಿಲ್ಲಲ್ರಿ ಮಾಮ?" ಎಂದು ಎಷ್ಟು ಸಲ ಕೇಳಿದೆನೋ. ಬೇರೆ ಯಾರೇ ಆಗಿದ್ದರೂ ಉಳಿ ಎತ್ತಿ ಒಗೆಯುತ್ತಿದ್ದರು. ಅವರು "ನೋಡೂಣವ್ವ" ಎನ್ನುತ್ತಿದ್ದರು. ಆ 'ನೋಡೂಣ' ನನ್ನ ನಿದ್ದೆ ಕೆಡಿಸಿತ್ತು. ಕೆಲಸ ಮುಗಿದ ಮೇಲೂ ಎರಡು ತಿಂಗಳು ತಗಡಿನ ಕೆಳಗೆ ಇಟ್ಟು ಅದಕ್ಕೆ ಒಂದು ಹನಿ ನೀರೂ ಸೋಕದಂತೆ ಕಾದರು. ಮಕ್ಕಳು ಹತ್ತಿರದಲ್ಲಿ ಕೈ ತೊಳೆದರೂ ಗದರುತ್ತಿದ್ದರಂತೆ.

ಸಂಕ್ರಾಂತಿ ಕಳೆದ ಮೇಲೆ ದೋಣಿ ಲಾರಿಯಲ್ಲಿ ಬಂತು, ಅದರ ಪಕ್ಕದಲ್ಲೇ ಮಾಮ ಕೂತಿದ್ದರು. ತೆಕ್ಕಲಕೋಟೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗಲೂ ಕೆಳಗೆ ಇಳಿಯಲಿಲ್ಲವಂತೆ. ದಂಡೆಯಲ್ಲಿ ನಮ್ಮ ಬಂಧುಬಳಗವೆಲ್ಲ ಸೇರಿತ್ತು. ಕಾಯಿ ಒಡೆದರು. ನಮ್ಮವರು ಹುಟ್ಟು ಹಿಡಿದು ಹತ್ತಿದರು. ಮಾಮ ಧೋತರ ಮೇಲೆ ಕಟ್ಟಿ ತಾವೂ ಹತ್ತಿದರು.

"ನಿಮಗ ಈಜಾಕ ಬರತೈತೇನ್ರಿ?" ಎಂದು ನಮ್ಮ ಮೈದುನ ಕೇಳಿದ.

"ಇಲ್ಲಪ. ಆದ್ರ ಮದಲು ನಾನ ಕುಂದ್ರಬೇಕು."

ದೋಣಿ ಚೆಂದವಾಗಿಯೇ ಸರಿಯಿತು. ಐದಾರು ಮಾರು ಹೋಗಿರಬಹುದು. ಮಾಮ ಬಗ್ಗಿದ್ದು ಕಂಡಿತು, ಆಮೇಲೆ ನಮ್ಮವರೂ ಬಗ್ಗಿದರು. ಒಂದು ಕಡೆಯಲ್ಲ, ಎಲ್ಲ ಸಂದಿಗಳಿಂದಲೂ ನೀರು ಬರುತ್ತಿತ್ತು. "ಹಿಂದಕ್ಕ ಹೋಗೂಣ, ಕುಂತಲ್ಲಿಂದ ಅಳ್ಳಾಡಬ್ಯಾಡ್ರಿ" ಎಂದು ನಮ್ಮವರು ಕೂಗುತ್ತಿದ್ದರು. ಆ ಮನುಷ್ಯ ಏನು ಮಾಡುತ್ತಿದ್ದರು ಗೊತ್ತೇ? ಕಿವಿಯ ಮೇಲಿನ ಪೆನ್ಸಿಲು ತೆಗೆದು, ಮೊಣಕಾಲೂರಿ, ನೀರು ಬರುವ ಜಾಗಕ್ಕೆಲ್ಲ ಗುರುತು ಹಾಕುತ್ತಿದ್ದರು. ನೀರು ತೊಡೆಗೆ ಬಂತು, ಸೊಂಟಕ್ಕೆ ಬಂತು, ಪೆನ್ಸಿಲು ನಿಲ್ಲಲಿಲ್ಲ. ದಂಡೆ ಇನ್ನೂ ಎರಡು ಮಾರು ಇರುವಾಗ ದೋಣಿ ಪೂರಾ ತುಂಬಿ ನೆಲ ಹಿಡಿಯಿತು. ನಮ್ಮವರು ಎದೆಮಟ್ಟ ನೀರಿನಲ್ಲಿ ಅವರ ರಟ್ಟೆ ಹಿಡಿದು ಎಳೆದು ತಂದರು.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಅಷ್ಟೂ ಜನರ ಮುಂದೆ, ನಡುಗುತ್ತ ನಿಂತ ಆ ಹಿರಿಯರಿಗೆ, "ನನ್ನ ಗಂಡನ ಜೀವಾ ತಗೀಬೇಕಂತ ಮಾಡೀರೇನು?" ಎಂದು ಚೀರಿದೆ. ನಾನೇ ಕರೆಸಿದವಳು. ಅದನ್ನು ಯಾರೂ ಮರೆತಿರಲಿಲ್ಲ, ನಾನೊಬ್ಬಳೇ ಮರೆತೆ.

ಅತ್ತೆ ಟವೆಲು ತಂದು ಕೊಟ್ಟರು. ಮಾಮ ಬಹಳ ಹೊತ್ತು ತಲೆ ಒರೆಸಿಕೊಂಡರು. ಆಮೇಲೆ, "ತಪ್ಪು ನಂದ. ಬ್ಯಾಸಗ್ಯಾಗ ಗಾಲಿ ಒಣಗಿ ಸಡ್ಲಾದ್ರ ನೀರಾಗ ಮುಳುಗಿಸಿ ಇಡ್ತೀನಿ, ಕಟಗಿ ಉಬ್ಬಿ ಬಿಗಿ ಆಕ್ಕಾವು. ಇಷ್ಟು ವರ್ಷ ಅದನ್ನ ಮಾಡೀನಿ. ದೋಣೀಗೆ ಮಾತ್ರ ನೀರು ಮುಟ್ಟಬಾರ್ದಂತ ಒಣಗಿಸಿಕೋತ ಕುಂತಿದ್ದೆ ನೋಡ್ರಿ" ಎಂದರು. ಯಾರೋ ನಕ್ಕರು. ಅವರು ನಗಲಿಲ್ಲ. "ಕಲ್ಲು ಹೇರ್ರಿ. ಎಂಟು ದಿನ ಹಂಗ ಮುಳುಗಿರ್ಲಿ."

ಹೊಸ ದೋಣಿಗೆ ಕಲ್ಲು ಹೇರಿ ಮುಳುಗಿಸುವುದೆಂದರೆ! ಚಳಿಗೆ ಇವರ ಬುದ್ಧಿ ಕೆಟ್ಟಿತು ಎಂದುಕೊಂಡೆ. ಆದರೆ ನಮ್ಮವರು ಮುಳುಗಿಸಿದರು.

ಆ ಎಂಟು ದಿನ ಮಾಮ ದಂಡೆಯ ಹನುಮಪ್ಪನ ಗುಡಿಯ ಕಟ್ಟೆಯ ಮೇಲಿದ್ದರು. ಅತ್ತೆ ಹೊಸ ಗಡಿಗೆ ತಂದು ಅವರಿಗೆ ಬೇರೆಯಾಗಿ ಅಡುಗೆ ಮಾಡುತ್ತಿದ್ದರು, ನಾನು ಒಯ್ದು ಕೊಡುತ್ತಿದ್ದೆ. ನಾನು ಚೀರಿದ್ದನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನೀರಿನ ಕಡೆ ನೋಡುತ್ತಲೇ ರೊಟ್ಟಿ ಮುರಿಯುತ್ತಿದ್ದರು. ನನ್ನ ಜೀವ ಮಾತ್ರ ಬಾಯಿಗೆ ಬಂದಿತ್ತು. ಬರುವ ಭಾನುವಾರಕ್ಕೆ ಡಾಕ್ಟರಿಗೆ ನಮ್ಮವರು ಮಾತು ಕೊಟ್ಟಿದ್ದರು, ನೀರು ಬಂದರೆ ಚೆಲ್ಲಿಕೊಂಡಾದರೂ ಹೋಗಿಬರುತ್ತೇನೆ ಎಂದು ಹಟ ಹಿಡಿದಿದ್ದರು. ಬೇಡವೆಂದರೆ ಕೇಳುವ ಗಂಡಸೇ?

ಭಾನುವಾರ ಬೆಳಿಗ್ಗೆ ಕಲ್ಲು ತೆಗೆದು ದೋಣಿ ಎತ್ತಿದರು. ಒಳಗಿನ ನೀರು ಚೆಲ್ಲಿದರು. ಮಾಮ ಮತ್ತೆ ಹತ್ತಿದರು. ಆಳಕ್ಕೆ ಹೋದರು, ಸುತ್ತು ಹಾಕಿದರು, ತಿರುಗಿ ಬಂದರು. ಒಂದು ತೊಟ್ಟು ನೀರಿಲ್ಲ ಎಂದು ನಮ್ಮವರು ಕೂಗಿ ಹೇಳಿದರು. ನನಗೆ ನಂಬಿಕೆ ಬರಲಿಲ್ಲ. ಆಗ ಮಾಮ ದೋಣಿಯಲ್ಲೇ ನಿಂತು ನನ್ನ ಕಡೆ ಕೈ ಚಾಚಿದರು.

"ಬಾರವ್ವ. ನನಗೂ ಈಜಾಕ ಬರಂಗಿಲ್ಲ, ನಿನಗೂ ಬರಂಗಿಲ್ಲ. ಇಬ್ರೂ ಕೂಡಿ ಕುಂದ್ರೂಣು."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ಒಲ್ಯಾ ಮಾಮ" ಎಂದೆ. ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು... ಆಮೇಲೆ ದೋಣಿಯ ಅಂಚು ಹಿಡಿಯಿತು. "ಆತು ಬಿಡವ್ವ. ನನಗೂ ಅಂಜಿಕಿ ಐತಿ" ಎಂದರು, ನನಗಷ್ಟೇ ಕೇಳುವ ಹಾಗೆ.

ಅಷ್ಟರಲ್ಲಿ ಜೀಪು ಬಂದು ನಿಂತಿತ್ತು. ಇಳಿದ ಡಾಕ್ಟರು ಎಲ್ಲವನ್ನೂ ಕಂಡಿದ್ದರು. "ಮನಿಯಾಕೀನ ಒಲ್ಲೆ ಅಂದ್ರ ನಾವು ಹೆಂಗ ಕುಂದ್ರೋದಪಾ?" ಎಂದರು. ನಮ್ಮವರ ಮುಖ ಕಪ್ಪಿಟ್ಟಿತು. ನನ್ನ ಒಂದು 'ಒಲ್ಯಾ'ಕ್ಕೆ ಮಾಮನ ಇಷ್ಟು ತಿಂಗಳ ಕೆಲಸ ದಂಡೆಯಲ್ಲೇ ಕೊಳೆಯುವುದಿತ್ತು.

ಉತ್ತರ ಕೊಟ್ಟವರು ಮಾಮ. "ಅಕಿಗೆ ಸಣ್ಣಾಕಿದ್ದಾಗಿಂದ ನೀರಂದ್ರ ಆಗಂಗಿಲ್ರಿ ಸಾಹೇಬ್ರ. ದೋಣಿ ಮ್ಯಾಲೆ ಸಂಶಯ ಅಲ್ಲ. ಈ ದೋಣಿ ಮಾಡ್ಸಿದಾಕೀನ ಅಕಿ." ಹೀಗೆಂದು ಡಾಕ್ಟರ ಕೈ ಹಿಡಿದು ಹತ್ತಿಸಿಕೊಂಡು, ತಾವು ಅಳತೆ ಮಾಡಿದ ಪೀಠದ ಮೇಲೆ ಕೂರಿಸಿದರು. ಸಂಶಯ ದೋಣಿಯ ಮೇಲೆಯೇ ಇತ್ತು. ಅದು ನನಗೂ ಗೊತ್ತು, ಅವರಿಗೂ ಗೊತ್ತು. ದೋಣಿ ಹೋಗಿ ಬರುವವರೆಗೆ ನಾನು ದಂಡೆ ಬಿಟ್ಟು ಕದಲಲಿಲ್ಲ. ನಾಲ್ವರೂ ಒಣ ಬಟ್ಟೆಯಲ್ಲೇ ಇಳಿದರು, ತೊಟ್ಟಿಯಲ್ಲಿ ಮೂರು ಮೀನು. ಮಧ್ಯಾಹ್ನದ ಬಸ್ಸಿಗೆ ಮಾಮ ಊರಿಗೆ ಹೋದರು. ಬಸ್ ಸ್ಟ್ಯಾಂಡಿನವರೆಗೆ ಹೋಗಿ ಒಂದು ಮಾತು ಹೇಳಬೇಕೆಂದುಕೊಂಡೆ. ಮುಂದಿನ ಸಲ ತವರಿಗೆ ಹೋದಾಗ ಹೇಳಿದರಾಯಿತು ಎಂದು ಉಳಿದೆ.

ಎರಡು ವರ್ಷದಲ್ಲಿ ನಾನು ನಾಲ್ಕೈದು ಸಲ ತವರಿಗೆ ಹೋದೆ. ಅವರು ಗೋಡೆಯ ಆಚೆ ಕೆಲಸ ಮಾಡುತ್ತಿದ್ದರು, ನಾನು ಗೋಡೆಯ ಈಚೆ ಕೂತು ಬಂದೆ. ಮೂರನೆಯ ಮಳೆಗಾಲ ಬರುವ ಮೊದಲೇ ಎದೆನೋವಿನಿಂದ ಹೋಗಿಬಿಟ್ಟರು. ಮಾತಾಡಿಸಲು ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದು ಕೇಳಿದರು. "ಒಂದ್ಸಲನಾರ ಕುಂತೇನವ್ವ ಅದ್ರಾಗ? ಸಿರುಗುಪ್ಪದಿಂದ ಯಾರು ಬಂದ್ರೂ ಅದನ್ನ ಕೇಳ್ತಿದ್ರು. ನಮ್ಮ ಹುಡುಗಿ ದೋಣ್ಯಾಗ ಕುಂತಾಳೇನು, ನಮ್ಮ ಹುಡುಗಿ ಕುಂತಾಳೇನು..."

ಊರಿಗೆ ಬಂದವಳು ಮನೆಯೊಳಗೆ ಹೋಗಲಿಲ್ಲ. ಸೀದಾ ದಂಡೆಗೆ ಹೋಗಿ, ನಮ್ಮವರಿಗೆ ಕರೆದುಕೊಂಡು ಹೋಗಿರಿ ಎಂದೆ. ಅವರು ಹುಟ್ಟು ಎತ್ತಿಕೊಂಡರು. ಎರಡೂ ಕೈಯಿಂದ ಅಂಚು ಹಿಡಿದು ದೋಣಿಗೆ ಕಾಲಿಟ್ಟೆ. ನಡುಹೊಳೆಯಲ್ಲಿ ಬಗ್ಗಿ ತಳಕ್ಕೆ ಅಂಗೈ ಇಟ್ಟು ನೋಡಿದೆ. ಒಣಗಿತ್ತು. ಮತ್ತೊಂದು ಕಡೆ ಇಟ್ಟು ನೋಡಿದೆ, ಅಲ್ಲೂ ಒಣಗಿತ್ತು. ಅಲ್ಲಿಯೇ ಕೂತು ಅತ್ತುಬಿಟ್ಟೆ.

ಆ ದೋಣಿ ಮುಂದೆ ಹದಿನೈದು ವರ್ಷ ನಡೆಯಿತು. ಈಗ ಅದೂ ಇಲ್ಲ, ಡಾಕ್ಟರೂ ಇಲ್ಲ, ನಮ್ಮವರೂ ಹೋಗಿ ನಾಲ್ಕು ವರ್ಷವಾಯಿತು. ಆಮೇಲೆ ನಾನು ಎಷ್ಟು ಸಲ ಅದರಲ್ಲಿ ಕೂತೆನೋ ಲೆಕ್ಕವಿಲ್ಲ, ಮಗನನ್ನು ಮಡಿಲಲ್ಲಿ ಹಾಕಿಕೊಂಡು ಕೂತೆ, ಕೂತು ನಿದ್ದೆ ಮಾಡಿದ್ದೂ ಉಂಟು. ಹೌದು ಮಾಮ, ಕುಂತೀನಿ ಎಂದು ಹೇಳಬಹುದು ಈಗ. ಕೇಳುವವರು ಇಲ್ಲ.