ಯಾತರ ರಾಜಿ

ದಿಂಬಿನ ಮೇಲಿನ ನೀಲಿ ಕಲೆ ಹೋಗಲೊಲ್ಲದು. ರಾಜಲಕ್ಷ್ಮಿ ಸೋಪು ತಿಕ್ಕಿದಳು, ನಿಂಬೆಹಣ್ಣು ಹಿಂಡಿದಳು, ಬಿಸಿಲಿಗೆ ಹಾಕಿದಳು. ಐದು ತಿಂಗಳ ಕೂಸು ಮುಖ ಹೊರಳಿಸಿ ಹೊರಳಿಸಿ ಅದೇ ಜಾಗವನ್ನು ಚೀಪುತ್ತಿತ್ತು. ಶಾಯಿಯಲ್ಲಿ ವಿಷ ಗಿಷ ಇದ್ದರೆ? ಮೈಸೂರಿನ ಹೈಸ್ಕೂಲಿನಲ್ಲಿ ಓದಿದ್ದೆಲ್ಲ ಇಂಥ ಹೊತ್ತಿನಲ್ಲಿ ಹೆದರಿಸುವುದಕ್ಕೇ ಅವಳಿಗೆ ನೆನಪಾಗುತ್ತಿತ್ತು.

ಕಲೆ ಅಮೀರ್ ಬಿಯ ಹೆಬ್ಬೆರಳಿನದು. ಶಿರಾದ ಪೇಟೆಬೀದಿಯಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುವವಳು. ಬರಗೂರಿನ ಕಡೆಯಿಂದ ಮದುವೆಯಾಗಿ ಬಂದಾಗ ಹಿಂಜುವ ಬಿಲ್ಲು ಗಂಡ ಇಮಾಮ್ ಸಾಬನ ಕೈಯಲ್ಲಿತ್ತು. ಅವನು ಕೆಮ್ಮಿ ಕೆಮ್ಮಿ ತೀರಿಕೊಂಡ. ಗಂಡ ಸತ್ತವರು ಹಿಡಿಯುವ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಕೂತಿದ್ದು, ಅದು ಮುಗಿದ ಮಾರನೆಯ ದಿನ ಅಮೀರ್ ಬಿ ತಾನೇ ಬಿಲ್ಲು ಎತ್ತಿಕೊಂಡಳು. ಹೆಂಗಸು ಬಿಲ್ಲು ಹಿಡಿದರೆ ಹತ್ತಿಯೂ ನಗುತ್ತದೆ ಎಂದು ಬೀದಿ ಆಡಿಕೊಂಡಿತು. ಅಳೋ ಹತ್ತಿಗಿಂತ ನಗೋ ಹತ್ತಿ ಮೆತ್ತಗಿರುತ್ತೆ, ನಗಲಿ ಬುಡಿ, ಎಂದಳಂತೆ. ಈಗ ಪೇಟೆಯಲ್ಲಿ ಯಾವ ಜಾತಿಯ ತೊಟ್ಟಿಲಾದರೂ ಸರಿ, ಕೂಸಿನ ತಲೆ ದುಂಡಗಾಗಲು ಅವಳು ಹೊಲಿದ ಸಾಸಿವೆ ದಿಂಬೇ ಬೇಕು.

ಮುಂದೆ ಅಂಗಡಿ, ಹಿಂದೆ ಒಲೆ, ನಡುವೆ ಗೋಣಿತಾಟಿನ ಪರದೆ. ಇಷ್ಟೇ ಅವಳ ಮನೆ. ಪಕ್ಕದಲ್ಲಿ ಪುರಿ ಹುರಿಯುವ ಓಬಳಮ್ಮ. ಇಬ್ಬರ ನಡುವೆ ಬಚ್ಚಲ ನೀರು ಯಾವ ಕಡೆ ಹರಿಯಬೇಕೆಂದು ಒಂಬತ್ತು ವರ್ಷದ ಜಗಳ. ಒಬ್ಬರಿಗೊಬ್ಬರು ನೇರ ಮಾತಿಲ್ಲ. ಹೇಳಬೇಕಾದದ್ದನ್ನು ಕೋಳಿಗೆ ಹೇಳಿ ಬೈಯುತ್ತಿದ್ದರು.

ಅಂಥ ಅಮೀರ್ ಬಿ ಮೊನ್ನೆ ಹೊಸ ದಿಂಬು, ಒಂದು ಸೇರು ಪುರಿ ಹಿಡಿದು ನಗುನಗುತ್ತ ರಾಜಲಕ್ಷ್ಮಿಯ ಮನೆಗೆ ಬಂದಿದ್ದಳು. ಹೆಬ್ಬೆರಳು ಇನ್ನೂ ಹಸಿ ನೀಲಿ.

"ರಾಜಿನಾಮೆ ಆಗೋಯ್ತು ಕಣಮ್ಮ. ಓಬಳಮ್ಮನೂ ಒತ್ತಿದ್ಲು, ನಾನೂ ಒತ್ತಿದೆ. ಒತ್ತಿದ ಮೇಲೆ ಅವಳೇ ಪುರಿ ಅಳ್ದು ಕೊಟ್ಲು. ನಿಮ್ಮ ಯಜಮಾನ್ರೇ ಬಂದು ರಾಜಿ ಮಾಡಿಸಿದ್ದು. ಅವರ ಹೊಟ್ಟೆ ತಣ್ಣಗಿರ್ಲಿ."

ರಾಜಲಕ್ಷ್ಮಿಯ ಗಂಡ ಶಂಕರಲಿಂಗಪ್ಪ ಕಂಟ್ರಾಕ್ಟರ್ ಮರುಳಸಿದ್ದಯ್ಯನ ಬಳಿ ಗುಮಾಸ್ತ. ಪೇಟೆಬೀದಿಯ ಸಾಲನ್ನು ಪೂರಾ ಕೆಡವಿ, ಕೆಳಗೆ ಅಂಗಡಿ, ಮೇಲೆ ಮನೆ, ತುದಿಗೊಂದು ಟಾಕೀಸು ಕಟ್ಟುತ್ತೇನೆಂದು ಆ ಕಂಟ್ರಾಕ್ಟರು ಪುರಸಭೆಗೆ ಅರ್ಜಿ ಹಾಕಿದ್ದ. ಜಾಗ ಪುರಸಭೆಯದು, ಕೂತವರು ಬಾಡಿಗೆಯವರು. ಅವರೆಲ್ಲ ತಾವಾಗಿ ಬಿಟ್ಟುಕೊಡುತ್ತೇವೆಂದು ಬರೆದುಕೊಡದ ಹೊರತು ಮಾತೇ ಇಲ್ಲ ಎಂದು ಅಧ್ಯಕ್ಷರು ದೊಡ್ಡರಂಗಪ್ಪನವರು ಹೇಳಿದ್ದರು. ಉಳಿದವರೆಲ್ಲ ಒಪ್ಪಿದ್ದರು. ಒಪ್ಪದೆ ಉಳಿದಿದ್ದವರು ಮೂಲೆಯ ಇವರಿಬ್ಬರೇ.

ಅಂದು ಮಧ್ಯಾಹ್ನ ಊಟಕ್ಕೆ ಬಂದ ಗಂಡನನ್ನು ರಾಜಲಕ್ಷ್ಮಿ ಕೇಳಿದಳು. ಕಚೇರಿ ಭಾಷೆಯಲ್ಲಿ ರಾಜಿನಾಮೆ ಎಂದರೆ ಜಾಗ ಬಿಟ್ಟುಕೊಡುವ ಕಾಗದವಲ್ಲವೇ ಎಂದಳು. ಅವನಿಗೆ ನಗು ತಡೆಯಲಾಗಲಿಲ್ಲ.

"ನಾನೇನು ಸುಳ್ಳು ಹೇಳಿದ್ನೇನೇ? ರಾಜಿನಾಮೆ ಅಂತಲೇ ಹೇಳ್ದೆ. ಬಚ್ಚಲ ಜಗಳದ ರಾಜಿ ಅಂತ ಅವರೇ ತಿಳ್ಕೊಂಡ್ರು. ಹೂಂ, ಹೂಂ ಅಂತ ಕುತ್ಕೊಂಡು ಒತ್ತಿದ್ರಲ್ಲ, ನೀನು ನೋಡ್ಬೇಕಿತ್ತು."

ಹೊಸ ಅಂಗಡಿಗಳು ಹರಾಜಿಗೆ ಹೋಗುತ್ತವೆ, ಆ ಹೆಂಗಸರಿಗೆ ಏನೂ ಇಲ್ಲ ಎಂಬುದನ್ನೂ ಅವನೇ ಹೇಳಿದ. ಹೇಳುತ್ತಲೇ ಓಬಳಮ್ಮನ ಪುರಿಗೆ ಎಣ್ಣೆ, ಖಾರದಪುಡಿ ಕಲಸಿಕೊಂಡು ಮುಕ್ಕಿದ. ಒಂದು ಕಾಳು ಮೀಸೆಗೆ ಅಂಟಿಕೊಂಡು ಅವನು ನಕ್ಕಾಗಲೆಲ್ಲ ಕುಣಿಯುತ್ತಿತ್ತು. ರಾಜಲಕ್ಷ್ಮಿ ಆ ಮೀಸೆಯಿಂದ ಮುಖ ತಿರುಗಿಸಿದಳು. ಮದುವೆಯಾಗಿ ಎರಡು ವರ್ಷ ಈ ಬಾಯಿಗೇ ತುತ್ತು ಬಡಿಸಿದ್ದಳು.

ಅವನು ಕೈ ತೊಳೆಯುತ್ತ, ಮೇಲಿನ ಮನೆಗಳಲ್ಲೊಂದು ನಮಗೇ, ನಲ್ಲಿ ಒಳಗೇ ಬರುತ್ತದೆ ಎಂದ. ಬೀದಿ ನಲ್ಲಿಯ ಸರತಿಯನ್ನು ಎರಡು ವರ್ಷದಿಂದ ಶಪಿಸುತ್ತಿದ್ದವಳು ಅವಳೇ. ಒಂದು ಗಳಿಗೆ, ಒಂದೇ ಗಳಿಗೆ, ಆ ನಲ್ಲಿಯ ನೀರು ಕಿವಿಯಲ್ಲಿ ಸುರಿಯಿತು. ಗಂಡನ ಮೀಸೆಗಿಂತ ಆ ಸದ್ದೇ ಅವಳಿಗೆ ಹೆಚ್ಚು ಹೇಸಿಗೆ ತಂದಿತು.

ಗುರುವಾರ ಬೆಳಿಗ್ಗೆ ಕೂಸಿನ ಮೈ ಸುಡುತ್ತಿತ್ತು. ಶಾಯಿಯದೇ ಕೆಲಸ ಎಂದುಕೊಂಡು ಡಾಕ್ಟರ್ ಹಿದಾಯತುಲ್ಲಾ ಅವರ ಷಾಪಿಗೆ ಓಡಿದಳು. ಅವರು ಒಸಡು ಒತ್ತಿ ನೋಡಿ, ಹಲ್ಲು ಬರ್ತಾ ಇದೆ, ಶಾಯಿ ಯಾರನ್ನೂ ಕೊಲ್ಲೋದಿಲ್ಲಮ್ಮ ಎಂದು ನಕ್ಕರು.

ಕೊಲ್ಲುವುದಿಲ್ಲವೇ? ಗೋಡೆ ಗಡಿಯಾರದಲ್ಲಿ ಹನ್ನೊಂದಕ್ಕೆ ಹತ್ತು ನಿಮಿಷ. ಹನ್ನೊಂದಕ್ಕೆ ಪುರಸಭೆಯ ಮೀಟಿಂಗು, ಕಂಟ್ರಾಕ್ಟರನ ಅರ್ಜಿಯೇ ಮೊದಲನೆಯದು ಎಂದು ಗಂಡ ಹೇಳಿದ್ದ. ಡಾಕ್ಟರ ಮೇಜಿನ ಮೇಲೆ ಕರಿಯ ಫೋನು. ಗಂಡನ ಕೆಲಸ ಹೋಗುತ್ತದೆ, ಅವನು ಮನೆ ಸೇರಿಸುತ್ತಾನೋ ಇಲ್ಲವೋ, ಕೂಸಿನ ಗತಿ ಏನು ಎಂದು ಒಂದೊಂದೇ ಭಯ ಸರತಿಯಲ್ಲಿ ಬಂದು ನಿಂತಿತು. ತೊಡೆಯ ಮೇಲೆ ಕೂಸು ದಿಂಬಿನ ನೀಲಿ ಮೂಲೆಯನ್ನು ಚೀಪುತ್ತಿತ್ತು. ಡಾಕ್ಟರನ್ನು ಕೇಳಿ ಫೋನೆತ್ತಿ, ಪುರಸಭೆ ಕೊಡಿ, ಅಧ್ಯಕ್ಷರು ಬೇಕು ಎಂದಳು.

"ದೊಡ್ಡರಂಗಪ್ಪ ಮಾತಾಡ್ತಿರೋದು. ಯಾರಮ್ಮ?"

ಹೆಸರು ಹೇಳದೆ ಮಾತಷ್ಟೇ ಹೇಳಿ ಇಟ್ಟುಬಿಡಬಹುದಿತ್ತು. ಹೆಸರಿಲ್ಲದ ಹೆಂಗಸಿನ ಮಾತನ್ನು ಯಾರು ಕೇಳುತ್ತಾರೆ?

"ಗುಮಾಸ್ತ ಶಂಕರಲಿಂಗಪ್ಪನವರ ಹೆಂಡತಿ, ರಾಜಲಕ್ಷ್ಮಿ. ಮೂಲೆ ಮನೆ ಅಮೀರ್ ಬಿ, ಓಬಳಮ್ಮ ಇಬ್ಬರನ್ನೂ ಕರೆಸಿ. ಕರೆಸಿ ಒಂದೇ ಮಾತು ಕೇಳಿ, ಯಾತರ ರಾಜಿ ಅಂತ."