ಚನಬಸಪ್ಪನ ಕೈಯೊಳಗಿನ ಚಾವಿ

ಮನುಷ್ಯನ ಜೀವಕ್ಕೆ ಬೆಲೆ ಕಟ್ಟಲು ಯಾರಿಂದಲೂ ಸಾಧ್ಯವಿಲ್ಲ ಎಂದು ತಿಳಿದವರು ಹೇಳುತ್ತಾರೆ. ನಾನು ಬೈಲಹೊಂಗಲದಲ್ಲಿ ವಿಮಾ ಏಜೆಂಟನಾಗಿ ಅರ್ಧ ಆಯುಷ್ಯ ಅದನ್ನೇ ಕಟ್ಟಿ ಹೊಟ್ಟೆ ಹೊರೆದವನು. ಆದ್ದರಿಂದ ಜೀವ, ಸಾವು, ಅಪಘಾತಗಳ ಬಗ್ಗೆ ಮಾತನಾಡುವ ಅಧಿಕಾರ ಊರಿನ ಸ್ವಾಮಿಗಳಿಗಿಂತ ನನಗೆ ಒಂದು ತೂಕ ಹೆಚ್ಚೇ ಇದೆ ಎಂದು ತಿಳಿದುಕೊಂಡಿದ್ದೇನೆ. ಅವರು ಸತ್ತ ಮೇಲಿನ ಸಂಗತಿ ಹೇಳುವವರು. ನಾನು ಸಾಯುವ ಮುಂಚಿನದನ್ನು ನೋಡಿಕೊಳ್ಳುವವನು.

1996ನೇ ಇಸವಿ. ದೀಪಾವಳಿ ಆಗಷ್ಟೇ ಮುಗಿದಿತ್ತು. ನನ್ನ ಅಕ್ಕ ಗಂಗವ್ವನ ಮಗ ಶಿವಾನಂದನಿಗೆ ಕಟಕೋಳದಲ್ಲಿ ಒಂದು ಹೆಣ್ಣು ಗೊತ್ತಾಗಿತ್ತು. ನೋಡಿಕೊಂಡು ಬರೋಣವೆಂದು ಒಂದು ಮುಂಜಾನೆ ಹೊರಟೆವು: ಅಕ್ಕ, ಅಕ್ಕನ ಗಂಡ ಈರಪ್ಪ ಮಾವ, ಶಿವಾನಂದ, ನಾನು. ಬಾಡಿಗೆಗೆ ಹಿಡಿದದ್ದು ಚನಬಸಪ್ಪನ ಜೀಪು. ಆ ಜೀಪಿನಲ್ಲಿ ಕುಳಿತ ಐವರಲ್ಲಿ ಮೂವರು ನನ್ನ ಪಾಲಿಸಿದಾರರು, ನಾಲ್ಕನೆಯವನು ನಾನೇ. ಹೀಗಾಗಿ ಆ ಪ್ರಯಾಣದಲ್ಲಿ ನನಗೆ ಬಂಧುತ್ವದ ಜೊತೆಗೆ ವೃತ್ತಿಯ ಕಾಳಜಿಯೂ ಇತ್ತೆಂದು ಹೇಳಿದರೆ ತಪ್ಪಾಗಲಾರದು.

ಚನಬಸಪ್ಪನನ್ನು ಆರಿಸಿದ್ದು ಈರಪ್ಪ ಮಾವ. "ಕುಡ್ಯಾಂಗಿಲ್ಲ, ತಂಬಾಕ ತಿನ್ನಾಂಗಿಲ್ಲ, ಜೋರ ಹೊಡ್ಯಾಂಗಿಲ್ಲ. ದೇವರಂಥಾ ಮನಷ್ಯಾ" ಎಂದು ಸರ್ಟಿಫಿಕೇಟು ಕೊಟ್ಟಿದ್ದರು. ಮಾತು ಸುಳ್ಳಲ್ಲ. ಮೂವತ್ತೈದರ ಆಸುಪಾಸಿನ, ಮೃದು ಮಾತಿನ ಮನುಷ್ಯ. ಹೊರಡುವ ಮುಂಚೆ ಸ್ಟೀರಿಂಗಿಗೆ ಕೈಮುಗಿದ, ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟ. ಮುರಗೋಡ ದಾಟುವ ತನಕ ಎದುರಿಗೆ ಬಂದ ಪ್ರತಿಯೊಂದು ಎಮ್ಮೆಗೂ ದಾರಿ ಬಿಟ್ಟ.

ಯರಗಟ್ಟಿ ದಾಟಿದ ಮೇಲೆ ಜೀಪು ಕಾಯ್ದು ಹೊಗೆಯಾಡತೊಡಗಿತು. ರಸ್ತೆ ಬದಿಗೆ ನೀಲವ್ವ ಎಂಬ ಮುದುಕಿಯ ಚಹಾದಂಗಡಿ, ಅದರ ಮುಂದೊಂದು ಹುಣಸೆಮರ. ಅಲ್ಲಿ ನಿಲ್ಲಿಸಿದ. ನಾವು ಚಹಾ ಹೇಳಿದೆವು. ಚನಬಸಪ್ಪ ಚರಿಗೆಯಲ್ಲಿ ನೀರು ತುಂಬಿಕೊಂಡು ಬಾನೆಟ್ಟಿನ ಕಡೆಗೆ ಹೋದ. ಹೋದವನು ನೀರು ಹಾಕಲಿಲ್ಲ. ಚರಿಗೆ ಒಂದು ಕಡೆ ಉರುಳಿತು, ಅವನೊಂದು ಕಡೆ ಬಿದ್ದ. ಕೈಕಾಲು ಸೆಟೆದು ಒದ್ದಾಡತೊಡಗಿದವು, ಬಾಯಲ್ಲಿ ನೊರೆ.

"ಅಯ್ಯಯ್ಯೋ, ಮೂರ್ಛಾ ರೋಗ!" ಎಂದು ಅಕ್ಕ ಕೂಗಿದಳು.

ನಮ್ಮ ಸೀಮೆಯಲ್ಲಿ ಮತ-ಸಿದ್ಧಾಂತಗಳಿಗೆ ಕೊರತೆಯಿಲ್ಲ. ಮೂರ್ಛೆಯ ವಿಷಯದಲ್ಲಿ ಮೂರು ಮತಗಳಿವೆ: ಉಳ್ಳಾಗಡ್ಡಿ ಮತ, ಚಪ್ಪಲಿ ಮತ, ಕಬ್ಬಿಣ ಮತ. ನೀಲವ್ವ ಉಳ್ಳಾಗಡ್ಡಿ ಜಜ್ಜಿ ಅವನ ಮೂಗಿಗೆ ಹಿಡಿದಳು. ಚಹಾ ಕುಡಿಯುತ್ತಿದ್ದ ದನದ ವ್ಯಾಪಾರಿಯೊಬ್ಬ ತನ್ನ ಎಡಗಾಲಿನ ಚಪ್ಪಲಿ ಬಿಚ್ಚಿ ಇನ್ನೊಂದು ಹೊಳ್ಳೆಗೆ ಹಿಡಿದ. ಈರಪ್ಪ ಮಾವ "ಕಬ್ಬಣ ಕೊಡ್ರಿ! ಲಗೂ ಕೈಯಾಗ ಕಬ್ಬಣ ಕೊಡ್ರಿ!" ಎಂದು ಒದರುತ್ತ ಸುತ್ತಲೂ ನೋಡಿದರು. ಕಂಡದ್ದು ನೀಲವ್ವನ ಈಳಿಗೆಮಣೆ ಒಂದೇ. ಅದನ್ನು ಕೊಡುವಂತಿರಲಿಲ್ಲ. ಕೊನೆಗೆ ಜೀಪಿಗೆ ಓಡಿ ಚಾವಿಯ ಗೊಂಚಲನ್ನೇ ಕಿತ್ತು ತಂದು ಚನಬಸಪ್ಪನ ಮುಷ್ಟಿಯೊಳಗೆ ತುರುಕಿ, ಮೇಲಿಂದ ತಮ್ಮ ಎರಡೂ ಕೈಗಳಿಂದ ಒತ್ತಿ ಹಿಡಿದರು.

ಸ್ವಲ್ಪ ಹೊತ್ತಿಗೆ ಒದ್ದಾಟ ನಿಂತಿತು. ಯಾವುದರಿಂದ ನಿಂತಿತು ಎಂಬುದರ ಬಗ್ಗೆ ಚರ್ಚೆ ಶುರುವಾಯಿತು.

"ಉಳ್ಳಾಗಡ್ಡಿ ಘಾಟಿಗೆ ನೋಡ್ರಿ, ಕಣ್ಣ ತಗದಾ" ಎಂದಳು ನೀಲವ್ವ.

"ಎಲ್ಲೀ ಉಳ್ಳಾಗಡ್ಡೀನs ಯವ್ವಾ? ನನ್ನ ಚಪ್ಪಲಿ ವಾಸನಿಗೆ ಎದ್ದಾನಂವಾ" ಎಂದ ವ್ಯಾಪಾರಿ. ಆ ಚಪ್ಪಲಿಯ ಹತ್ತಿರ ನಿಂತಿದ್ದ ನನಗೆ ಅವನ ಮಾತಿನಲ್ಲಿ ಹುರುಳಿದೆ ಎನ್ನಿಸಿತು. ಆದರೆ ಗೆದ್ದದ್ದು ಕಬ್ಬಿಣ. ಯಾಕೆಂದರೆ ಉಳ್ಳಾಗಡ್ಡಿ ಒಲೆಯ ಕಡೆಗೆ, ಚಪ್ಪಲಿ ಕಾಲಿಗೆ ಮರಳಿದವು. ಕಬ್ಬಿಣ ಮಾತ್ರ ಇನ್ನೂ ಅವನ ಮುಷ್ಟಿಯಲ್ಲೇ ಇತ್ತು.

ಚನಬಸಪ್ಪ ಎದ್ದು ಕುಳಿತ. ಮುಖ ತೊಳೆದ. ನೀಲವ್ವ ಕೊಟ್ಟ ಚಹಾ ಕುಡಿದ. ಯಾರ ಮುಖವನ್ನೂ ನೋಡದೆ ಕೆಳಗೆ ನೋಡಿದ. ಕೈಯಲ್ಲಿ ಚಾವಿ ಕಂಡಿತು. ಡ್ರೈವರನ ಕೈಯಲ್ಲಿ ಚಾವಿ ಇದ್ದರೆ ಅವನು ಏನು ಮಾಡಬೇಕೋ ಅದನ್ನೇ ಮಾಡಿದ. ರೇಡಿಯೇಟರಿಗೆ ನೀರು ಹಾಕಿ, ಬಾನೆಟ್ಟು ಮುಚ್ಚಿ, ಹೋಗಿ ತನ್ನ ಸೀಟಿನಲ್ಲಿ ಕುಳಿತು, "ಹತ್ರೀ ಯಪ್ಪಾ, ಹೊತ್ತಾತು. ರಾಹುಕಾಲ ಬರೂದರಾಗ ಊರ ಮುಟ್ಟೂನು" ಎಂದ.

ಮುಂದೆ ನಡೆದದ್ದನ್ನು ನಾನು ಇಂದಿಗೂ ಮರೆತಿಲ್ಲ. ಎಲ್ಲರೂ ಹತ್ತತೊಡಗಿದರು! ಅಕ್ಕ ಸೆರಗು ಸರಿಪಡಿಸಿಕೊಂಡು ಹತ್ತಿದಳು. ಶಿವಾನಂದ ಕನ್ನಡಿಯಲ್ಲಿ ಕ್ರಾಪು ನೋಡಿಕೊಂಡು ಹತ್ತಿದ. ನಾನು ಕೆಳಗೇ ನಿಂತು, ಹತ್ತಲು ಕಾಲೆತ್ತಿದ್ದ ಮಾವನ ತೋಳು ಹಿಡಿದು ಪಕ್ಕಕ್ಕೆ ಎಳೆದೆ.

"ಮಾವ, ಏನ ಮಾಡಾಕ ಹತ್ತೀರಿ? ಈಗ ಫಿಟ್ಸ್ ಬಂದ ಬಿದ್ದಾವ ಗಾಡಿ ಹೊಡೀತಾನಂದ್ರ ಹತ್ತತೀರಲ್ಲ?"

"ಈಗ ಬಂದ ಹೋತಲ್ಲೋ ತಮ್ಮಾ" ಎಂದರು ಮಾವ, ಬಹಳ ತಾಳ್ಮೆಯಿಂದ. "ಬರೂದು ಬಂದ ಹೋತು. ಇನ್ನೊಂದ ತಿಂಗಳ ಮಟಾ ಕಾಳಜೀನs ಇಲ್ಲ. ಇವತ್ತಿನ ಮಟ್ಟಿಗೆ ಇಂವನಷ್ಟ ಭರೋಸದ ಡ್ರೈವರ್ ಇಡೀ ಜಿಲ್ಲಾದಾಗ ಸಿಗೂದಿಲ್ಲ."

ಒಳಗಿನಿಂದ ಅಕ್ಕ ಗದರಿಸಿದಳು: "ಶುಭಕಾರ್ಯಕ್ಕ ಹೊಂಟಾಗ ನಡಬರಕ ನಿಂತ ಅಪಶಕುನದ ಮಾತ ಆಡಬ್ಯಾಡ. ಸಾಯೂ ಸುದ್ದಿ ಬಿಟ್ಟ ನಿನಗ ಬ್ಯಾರೆ ಏನರ ಬರತೈತೇನು?"

ಜೀಪಿನ ಇನ್ನೊಂದು ಬದಿಗೆ ಹೋಗಿ ಚನಬಸಪ್ಪನಿಗಷ್ಟೇ ಕೇಳುವಂತೆ ಮೆಲ್ಲಗೆ ಕೇಳಿದೆ. ಇಂಥ ಪ್ರಶ್ನೆ ಕೇಳುವುದು ನನ್ನ ಕಸುಬು. ಎಂಥವರಿಗೂ ಸಿಟ್ಟು ಬರದ ಹಾಗೆ ಕೇಳುತ್ತೇನೆ.

"ಚನಬಸಪ್ಪಾ, ಗಾಡಿ ಹೊಡಿಯೂ ಮುಂದ ಯಾವಾಗರ ಬಂದಿತ್ತೇನು?"

ಅವನು ಬಹಳ ಹೊತ್ತು ಸ್ಟೀರಿಂಗು ಒರೆಸಿದ. "ಒಮ್ಮಿ ಬಂದಿತ್ರೀ ಏಜೆಂಟ ಸಾಹೇಬ್ರ. ಸವದತ್ತಿ ಕಡೆ. ಖಾಲಿ ಗಾಡಿ. ಹೋಗಿ ಗಿಡಕ್ಕ ಬಡದ ನಿಂತಿತ್ರಿ."

"ಗುಳಿಗಿ ಕೊಟ್ಟಿಲ್ಲೇನು ಡಾಕ್ಟರು?"

"ಕೊಟ್ಟಾರ್ರಿ. ನಾನs ಬಿಟ್ಟೇನಿ. ತಗೊಂಡ್ರ ನಿದ್ದಿ ಬರತೈತ್ರಿ. ನಿದ್ದಿಗಣ್ಣಾಗ ಗಾಡಿ ಹ್ಯಾಂಗ ಹೊಡೀಲಿ? ಮಂದಿ ಜೀವದ ಪ್ರಶ್ನೆ ನೋಡ್ರಿ."

ಅವನು ತಮಾಷೆ ಮಾಡುತ್ತಿರಲಿಲ್ಲ. ಜನರ ಜೀವದ ಕಾಳಜಿಯಿಂದಲೇ ಆ ಮನುಷ್ಯ ಗುಳಿಗೆ ಬಿಟ್ಟಿದ್ದ.

"ಲೈಸೆನ್ಸ್ ಮಾಡಸೂ ಮುಂದ ಯಾರೂ ಕೇಳಲಿಲ್ಲೇನು?"

"ಕೇಳಿದ್ರಿ. ಕೈಕಾಲ ಗಟ್ಟಿ ಅದಾವಿಲ್ಲೋ ಅಂದ್ರು. ಅದಾವ್ರೀ ಅಂದೆ."

ಕಟಕೋಳದ ದಾರಿ ನನಗೆ ಗೊತ್ತಿತ್ತು. ಹಳ್ಳದ ಸೇತುವೆಗಳು, ಎದುರಿಗೆ ಕಬ್ಬು ಹೇರಿದ ಗಾಡಿಗಳು. ಕೆಳಗೆ ಇಳಿ ಎಂದು ನೇರವಾಗಿ ಹೇಳಬಹುದಿತ್ತು. ಆದರೆ ದನದ ವ್ಯಾಪಾರಿ, ನೀಲವ್ವ, ನಮ್ಮ ಬೀಗರಾಗುವವರ ಊರಿಗೆ ಹೋಗಲು ಬಸ್ಸು ಕಾಯುತ್ತಿದ್ದ ಇನ್ನೂ ನಾಲ್ಕು ಜನ, ಎಲ್ಲರೂ ಅಲ್ಲಿದ್ದರು. ಒಬ್ಬ ಡ್ರೈವರನನ್ನು ಅವನದೇ ಗಾಡಿಯಿಂದ ಮಂದಿಯ ಮುಂದೆ ಇಳಿಸುವುದೆಂದರೆ ನಡುಬೀದಿಯಲ್ಲಿ ಧೋತರ ಬಿಚ್ಚಿಸಿದ ಹಾಗೆ. ಅವನು ಇಳಿಯುತ್ತಿರಲಿಲ್ಲ, ಮಾವ ಇಳಿಸಗೊಡುತ್ತಿರಲಿಲ್ಲ. ಆಗ, ಪಾಲಿಸಿ ಬೇಡವೆನ್ನುವವರ ಮನೆಯ ಕಟ್ಟೆಯ ಮೇಲೆ ಕುಳಿತು ಕುಳಿತು ಹರಿತವಾದ ನನ್ನ ನಾಲಿಗೆ, ನನ್ನನ್ನು ಕೇಳದೆಯೇ ಒಂದು ಶಾಸ್ತ್ರ ಹುಟ್ಟಿಸಿತು.

"ಚಾವಿ ಗಾಡಿಗೆ ಹಚ್ಚಬ್ಯಾಡ!" ಎಂದು ಕೂಗಿದೆ. "ಮೂರ್ಛಿ ಬಂದವರ ಕೈಗೆ ಕೊಟ್ಟ ಕಬ್ಬಣ ಹೊತ್ತ ಮುಳಗೂ ಮಟಾ ಕೈ ಬಿಡಬಾರದು. ಬಿಟ್ರ ತಿರಗಿ ಬರತೈತಿ. ಗೊತ್ತಿಲ್ಲೇನ ಯಾರಿಗೂ?"

ನಾನು ಹುಟ್ಟಿಸಿ ಒಂದು ಗಳಿಗೆಯೂ ಆಗದ ಆ ಶಾಸ್ತ್ರವನ್ನು ಮೊಟ್ಟಮೊದಲು ಎತ್ತಿ ಹಿಡಿದವಳು ನೀಲವ್ವ. "ಹೌದ ಮತ್ತ! ನಮ್ಮ ಅತ್ತಿ ಇದನs ಹೇಳತಿದ್ಲು. ಅದೂ ಬಲಗೈಯಾಗs ಇರಬೇಕು, ಮೂಡಲಕ್ಕ ಮಾರಿ ಮಾಡಿ ಕುಂದರಬೇಕು" ಎಂದು ನಾನು ಯೋಚಿಸದೆ ಬಿಟ್ಟಿದ್ದ ಎರಡು ಕಲಮುಗಳನ್ನೂ ಸೇರಿಸಿದಳು. ವ್ಯಾಪಾರಿ ತಲೆಯಾಡಿಸಿ, ತನ್ನ ಊರಲ್ಲಿ ಒಬ್ಬ ಅವಸರ ಮಾಡಿ ಕಬ್ಬಿಣ ಬಿಟ್ಟು ಮತ್ತೆ ಬಿದ್ದದ್ದನ್ನು ಹೇಳಿದ. ಕಬ್ಬಿಣ ಮತದ ಮುಖ್ಯಸ್ಥರಾದ ಈರಪ್ಪ ಮಾವನಿಗೆ ತಮ್ಮ ಮತದ ಶಾಸ್ತ್ರವನ್ನು ತಾವೇ ಅಲ್ಲಗಳೆಯುವುದು ಆಗಲಿಲ್ಲ. "ಅಲ್ಲೋ, ಹಂಗಾರ ಗಾಡಿ ಹ್ಯಾಂಗ ಚಾಲೂ ಮಾಡೂದು?" ಎಂದರು.

"ಚಾಲೂ ಮಾಡಾಕ ಬರೂದಿಲ್ಲ" ಎಂದೆ.

ಚನಬಸಪ್ಪ ಒಮ್ಮೆ ನನ್ನ ಕಡೆ ನೋಡಿದ. ಆಮೇಲೆ ಸಾವಕಾಶ ಇಳಿದು ಬಂದು, ಹುಣಸೆಮರದ ಕೆಳಗೆ ಮೂಡಣಕ್ಕೆ ಮುಖ ಮಾಡಿ, ಬಲಗೈಯಲ್ಲಿ ಚಾವಿ ಹಿಡಿದು ಕುಳಿತ.

ನಾವು ಕಟಕೋಳಕ್ಕೆ ಹೋದದ್ದು ಬಸ್ಸಿನಲ್ಲಿ, ನಿಂತುಕೊಂಡು. ಶಿವಾನಂದನ ಇಸ್ತ್ರಿಯ ಅಂಗಿ ಯಾರದೋ ಮೆಣಸಿನಕಾಯಿ ಚೀಲಕ್ಕೆ ಒರಗಿ ಕೆಂಪಾಯಿತು. "ಜೀಪ ತಗೊಂಡ ಬರತೇನಿ ಅಂದಿದ್ರಿ?" ಎಂದು ಹುಡುಗಿಯ ತಂದೆ ಕೇಳಿದಾಗ ಮಾವ, "ಜೀಪಿಗೆ ಜರಾ ಆರಾಮಿದ್ದಿಲ್ಲ" ಎಂದರು. ಹೆಣ್ಣು ಒಪ್ಪಿಗೆಯಾಯಿತು. ಕೆಂಪು ಅಂಗಿಯ ವರನೂ ಅವರಿಗೆ ಒಪ್ಪಿಗೆಯಾದ. ಹುಡುಗಿಯ ಅಣ್ಣ ವೀರಭದ್ರನಿಗೆ ಗಾಡಿ ಹೊಡೆಯಲು ಬರುತ್ತಿತ್ತು. ನಾನು ಅವನನ್ನು ಬದಿಗೆ ಕರೆದು ನಿಜ ಸಂಗತಿ ಹೇಳಿದೆ. "ನಡೀರಿ, ನಾನs ಬಿಟ್ಟ ಬರತೇನಿ" ಎಂದು ನಮ್ಮ ಜೊತೆ ಬಸ್ಸು ಹತ್ತಿದ.

ನಾವು ಮರಳಿ ಹುಣಸೆಮರದ ಹತ್ತಿರ ಇಳಿದಾಗ ಹೊತ್ತು ಆಗಷ್ಟೇ ಮುಳುಗಿತ್ತು. ಚನಬಸಪ್ಪ ಹಾಗೆಯೇ ಕುಳಿತಿದ್ದ. ರೊಟ್ಟಿಯನ್ನು ಎಡಗೈಯಲ್ಲೇ ತಿಂದ ಎಂದು ನೀಲವ್ವ ಹೆಮ್ಮೆಯಿಂದ ಹೇಳಿದಳು. ಅವನು ಎದ್ದು ಚಾವಿಯನ್ನು ವೀರಭದ್ರನ ಕೈಗೆ ಕೊಟ್ಟ. ಅಂಗೈಯಲ್ಲಿ ಚಾವಿಯ ಅಚ್ಚು ಮೂಡಿತ್ತು.

ಮುಂದಿನ ಸೀಟಿನಲ್ಲಿ ವೀರಭದ್ರನ ಪಕ್ಕಕ್ಕೆ ಚನಬಸಪ್ಪ, ಅವನ ಪಕ್ಕಕ್ಕೆ ನಾನು. ಮುರಗೋಡ ಇನ್ನೂ ಮುಂದಿತ್ತು. ಒಂದು ಸಣ್ಣ ಸೇತುವೆಯ ಮೇಲೆ ಮುಂದೆ ಕಬ್ಬಿನ ಗಾಡಿಗಳ ಸಾಲು, ಹಿಂದೆ ಒಂದು ಲಾರಿ. ಜೀಪು ಎತ್ತಿನ ಹೆಜ್ಜೆಯಲ್ಲಿ ಸಾಗುತ್ತಿತ್ತು. ಅಲ್ಲಿ ಚನಬಸಪ್ಪನ ಕತ್ತು ನನ್ನ ಭುಜದ ಮೇಲೆ ಬಿತ್ತು. ಸೆಟೆದ ಕೈ ನನ್ನ ಕನ್ನಡಕ ಹಾರಿಸಿತು.

ಹಿಂದಿನಿಂದ ಮಾವ ಒದರಿದರು: "ಕಬ್ಬಣ! ಕಬ್ಬಣ ಕೊಡ್ರಿ ಕೈಯಾಗ!"

"ಕಬ್ಬಣ ಗಾಡ್ಯಾಗ ಐತ್ರೀ ಮಾವಾರ" ಎಂದ ವೀರಭದ್ರ, ರಸ್ತೆಯಿಂದ ಕಣ್ಣು ತೆಗೆಯದೆ. "ಗಾಡಿ ನಡದೇತಿ."

ನಾನು ಚನಬಸಪ್ಪನನ್ನು ತಬ್ಬಿ ಹಿಡಿದು, ತಲೆ ಬಡಿಯದಂತೆ ನನ್ನ ಎದೆಗೆ ಆನಿಸಿಕೊಂಡೆ. ಬೇರೆ ಮಾಡಲು ಏನೂ ಇರಲಿಲ್ಲ. ಜೀಪು ಸೇತುವೆ ದಾಟುವಷ್ಟರಲ್ಲಿ ಒದ್ದಾಟ ನಿಂತಿತು. ಉಳ್ಳಾಗಡ್ಡಿ ಇರಲಿಲ್ಲ, ಚಪ್ಪಲಿ ಇರಲಿಲ್ಲ, ಕಬ್ಬಿಣವೂ ಇರಲಿಲ್ಲ. ತಾನಾಗಿ ಬಂದದ್ದು ತಾನಾಗಿ ಹೋಯಿತು. ಸೇತುವೆಯ ಬದಿಗೆ ತಡೆಗೋಡೆ ಇರಲಿಲ್ಲ ಎಂಬುದನ್ನು ಎಲ್ಲರೂ ನೋಡಿದ್ದರು. ತಿಂಗಳ ಲೆಕ್ಕ ಹೇಳಿದ್ದ ಈರಪ್ಪ ಮಾವನೇ ಬೈಲಹೊಂಗಲದಲ್ಲಿ ಇಳಿದೊಡನೆ, "ಇಂವನ್ನ ಡಾಕ್ಟರಿಗೆ ತೋರಸೂನು" ಎಂದರು.

ಎರಡು ದಿನ ಬಿಟ್ಟು ನಾನು, ಮಾವ, ಚನಬಸಪ್ಪನ ಹೆಂಡತಿ ಸೇರಿ ಅವನನ್ನು ಧಾರವಾಡಕ್ಕೆ ಕರೆದುಕೊಂಡು ಹೋದೆವು. ಡಾಕ್ಟರರು ನಮ್ಮ ಮೂರೂ ಮತಗಳನ್ನು ಒಂದೇ ಉಸಿರಿಗೆ ಖಂಡಿಸಿದರು. "ಒಂದ ಮಗ್ಗಲಾ ಮಲಗಸ್ರಿ, ತಲಿಗೆ ಪೆಟ್ಟ ಬೀಳಧಂಗ ನೋಡ್ಕೋರಿ, ಬಾಯಾಗ ಏನೂ ತುರಕಬ್ಯಾಡ್ರಿ. ಗುಳಿಗಿ ಬಿಡಬ್ಯಾಡ್ರಿ, ಗಾಡಿ ಮುಟ್ಟಬ್ಯಾಡ್ರಿ" ಎಂದರು. ಗಾಡಿಯ ಮಾತು ಬಂದಾಗ ಚನಬಸಪ್ಪ ಕಿಟಕಿಯ ಹೊರಗೆ ನೋಡಿದ. ಅವನ ಹೆಂಡತಿ ಮಾತ್ರ ಎಲ್ಲರ ಮುಂದೆ ಅತ್ತುಬಿಟ್ಟಳು. "ದಿನಾ ಸಂಜೀಕ ಇವರ ಗಾಡಿ ಹಾರ್ನ್ ಕೇಳೂ ಮಟಾ ನನಗ ಗಂಟಲದಾಗ ತುತ್ತ ಇಳೀತಿದ್ದಿಲ್ರಿ" ಎಂದಳು.

ಮರಳಿ ಬರುವಾಗ ಬಸ್ಸಿನಲ್ಲಿ ಚನಬಸಪ್ಪ ನನ್ನ ಪಕ್ಕದಲ್ಲಿ ಕುಳಿತಿದ್ದ. ಕಿತ್ತೂರು ದಾಟಿದ ಮೇಲೆ ಹೇಳಿದ: "ಸಾಹೇಬ್ರ, ಆ ಶಾಸ್ತ್ರ ನೀವs ಹುಟ್ಟಿಸಿದ್ದು ಅಂತ ನನಗ ಅವತ್ತs ಗೊತ್ತಾಗಿತ್ತು."

"ಮತ್ತ ಸುಮ್ಮನ ಯಾಕ ಕುಂತಿ ದಿನಾಪೂರ್ತಿ?"

"ಮಂದಿ ಮುಂದ ನನ್ನ ಕೈಯಾಗಿನ ಚಾವಿ ಕಸಗೋಲಿಲ್ಲಲ್ರಿ ನೀವು. ಹಿಡಕೊಂಡ ಕುಂದ್ರು ಅಂದ್ರಿ. ಅದಕ್ಕ ಕುಂತೆ."

ಇಷ್ಟು ವರ್ಷಗಳಲ್ಲಿ ಎಷ್ಟೋ ಜನರಿಗೆ, ನೀವು ಹೋದ ಮೇಲೆ ಮನೆಯವರಿಗೆ ಏನು ಸಿಗುತ್ತದೆ ಎಂದು ವಿವರಿಸಿದ್ದೇನೆ. ಹೋಗದಂತೆ ಒಬ್ಬನನ್ನು ತಡೆದದ್ದು ಅದೊಂದೇ ಸಲ, ಅದೂ ಒಂದು ಸುಳ್ಳು ಶಾಸ್ತ್ರದಿಂದ. ಅದರ ಪಾಪ ನನ್ನ ಬೆನ್ನು ಬಿಟ್ಟಿಲ್ಲ. ಯರಗಟ್ಟಿಯ ಆಚೆ ಈಗಲೂ ಯಾರಿಗಾದರೂ ಮೂರ್ಛೆ ಬಂದರೆ ಕೈಯಲ್ಲಿ ಕಬ್ಬಿಣ ಕೊಟ್ಟು ಮೂಡಣಕ್ಕೆ ಮುಖ ಮಾಡಿಸಿ ಹೊತ್ತು ಮುಳುಗುವ ತನಕ ಕೂಡ್ರಿಸುತ್ತಾರಂತೆ. ಬಹಳ ಹಿಂದಿನಿಂದ ಬಂದ ಪದ್ಧತಿ ಎಂದು ಕೇಳಿದವರಿಗೆ ಹೇಳುತ್ತಾರಂತೆ. ನಾನು ಆ ಕಡೆ ಹೋದಾಗಲೆಲ್ಲ ಡಾಕ್ಟರರು ಹೇಳಿದ್ದನ್ನು ಹೇಳಿ ಬರುತ್ತೇನೆ. ಯಾರೂ ನಂಬುವುದಿಲ್ಲ.

ಚನಬಸಪ್ಪ ಜೀಪಿಗೆ ಬೇರೆ ಡ್ರೈವರನನ್ನು ಇಟ್ಟು, ತಾನು ಸ್ಟ್ಯಾಂಡಿನಲ್ಲಿ ನಿಂತು ಸೀಟು ತುಂಬಿಸತೊಡಗಿದ. ಯಾವ ಡ್ರೈವರನೇ ಬರಲಿ, ಎದುರಿಗೆ ನಿಂತ ಗಾಡಿಯ ನಂಬರು ಓದಿಸಿ, ರಾತ್ರಿ ನಿದ್ದೆಯಾಯಿತೇ ಎಂದು ಕೇಳಿ, ಆಮೇಲೆಯೇ ಚಾವಿ ಕೊಡುತ್ತಿದ್ದ. ನಂಬರು ಓದಲಾರದ ಇಬ್ಬರು ಅವನಿಂದಾಗಿ ಕನ್ನಡಕ ಮಾಡಿಸಿಕೊಂಡರು, ಒಬ್ಬ ಊರಿಗೆ ಹೋಗಿ ಎಮ್ಮೆ ಕಟ್ಟಿದ.

ಶಿವಾನಂದನ ಮದುವೆ ಮರು ಬೇಸಿಗೆಯಲ್ಲಿ ಕಟಕೋಳದಲ್ಲೇ ಆಯಿತು. ಚನಬಸಪ್ಪ ದಿಬ್ಬಣದ ಬಸ್ಸಿನಲ್ಲಿ, ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತು ಬಂದ.