ಭಾನುವಾರಕ್ಕೆ ಇಂಗ್ಲಿಷಿನಲ್ಲಿ ಕರೆದದ್ದು

ಗಂಡನ ಮನೆ ಬಿಟ್ಟು ಬಂದು ಮೈಸೂರು ಮೈನ್ಸ್ ಎಂಬ ಹಳೇ ಚಿನ್ನದ ಗಣಿಯ ಹತ್ತಿರ ಬಾಡಿಗೆಗೆ ಒಂದು ಕೋಣೆ ಹಿಡಿದಿದ್ದೆ. ಹಗಲೆಲ್ಲ ಆಂಡರ್ಸನ್‌ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ. ಸಂಜೆ ಬೀಗ ತೆಗೆದು ಒಳಗೆ ಹೋದರೆ ಬೆಳಗಿನವರೆಗೆ ಮಾತಿಗೆ ಜನವಿಲ್ಲ. ಅಂಗಡಿಯ ಮೇಲಿನ ಮಹಡಿಯಲ್ಲಿ ಇಂಗ್ಲಿಷ್ ಕ್ಲಾಸ್ ಶುರುವಾದಾಗ ಸೇರಿಕೊಂಡೆ. ಕಲಿಯುವ ಆಸೆಗಿಂತ ನಾಲ್ಕು ಜನರ ನಡುವೆ ಕೂರುವ ಆಸೆಯೇ ಹೆಚ್ಚಿತ್ತು.

ಒಂದು ಶುಕ್ರವಾರ ಟೀಚರ್ ಕ್ಯಾನ್, ಮೇ, ಮಸ್ಟ್, ವುಡ್ ಹೇಳಿಕೊಟ್ಟರು. ನಮ್ಮ ಬಹುದು, ಬೇಕುಗಳ ಹಾಗೆಯೇ. ಆದರೆ ಇವು ಕ್ರಿಯಾಪದಕ್ಕಿಂತ ಮೊದಲು ಬರುತ್ತವೆ, ಇವು ಬಂದಮೇಲೆ ಕ್ರಿಯಾಪದಕ್ಕೆ ಬಾಲ ಇರಕೂಡದು. "ಶೀ ಕಮ್ಸ್" ಸರಿ, ಆದರೆ "ಶೀ ಮೇ ಕಮ್". ಮನೆಯವರ ಬಗ್ಗೆ ವಾಕ್ಯ ಮಾಡಿ ಅಂದರು. ಒಬ್ಬಳು ಮಗ ಓದಲೇಬೇಕು ಅಂದಳು, ಇನ್ನೊಬ್ಬಳು ಗಂಡ ತಡವಾಗಿ ಬರಬಹುದು ಅಂದಳು. ನಾನು "ಐ ಕ್ಯಾನ್ ಕುಕ್" ಅಂದೆ.

"ಸರಿ, ಪಕ್ಕದವರನ್ನ ಏನಾದ್ರೂ ಕೇಳಿ. ಮರ್ಯಾದೆಯಿಂದ ಕರೆಯೋಕೆ ವುಡ್ ಹಾಕಿ," ಅಂದರು ಟೀಚರ್.

ಪಕ್ಕದಲ್ಲಿ ಕೂರುತ್ತಿದ್ದವರು ನನಗಿಂತ ಹಿರಿಯರು, ಆಂಡರ್ಸನ್‌ಪೇಟೆಯಲ್ಲೇ ಹೊಲಿಗೆ ಕೆಲಸ. ಕ್ಲಾಸ್ ಮುಗಿಸಿ ಮನೆಗೆ ಬಂಗಾರಪೇಟೆಯ ರೈಲು ಹಿಡಿಯುತ್ತಿದ್ದರು. ಅವರ ಕಡೆ ತಿರುಗಿ, "ವುಡ್ ಯೂ ಕಮ್ ಟು ಮೈ ಹೌಸ್ ಆನ್ ಸಂಡೇ?" ಎಂದು ಕೇಳಿದೆ. "ಯೆಸ್, ಐ ವುಡ್ ಲವ್ ಟು ಕಮ್!" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಭಾನುವಾರ ಅವರೆಕಾಳು ಸಾರು ಮಾಡಿದೆ, ವಡೆ ಕರಿದೆ. ಮಾರಿಕುಪ್ಪಂ ಸ್ಟೇಷನ್ ಕಡೆಯಿಂದ ರೈಲಿನ ಕೂಗು ಕೇಳಿದಾಗಲೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಕತ್ತಲಾದ ಮೇಲೆ ಆರಿದ ವಡೆ ಎರಡು ತಿಂದು ಮಲಗಿದೆ.

ಸೋಮವಾರ ಕ್ಲಾಸಿನಲ್ಲಿ ಅವರೇ, "ನೆನ್ನೆ ಏನ್ ಮಾಡ್ದೆ?" ಎಂದು ಕೇಳಿದರು.

"ನಿಮ್ಗೇ ಕಾಯ್ತಿದ್ದೆ ಅಕ್ಕಾ."

ಅವರ ಮುಖ ಸಣ್ಣಗಾಯಿತು. "ಅಯ್ಯೋ, ನಿಜವಾಗ್ಲೂ ಕರೆದ್ಯಾ? ಪಾಠಕ್ಕೆ ಅಂತ ಅನ್ಕಂಡೆ ಕಣಮ್ಮಾ. ಒಂದ್ಮಾತು ಕನ್ನಡದಾಗೆ ಏಳ್ಬಾರ್ದಾ? ನಾನೂ ದಿನವೆಲ್ಲಾ ಒಬ್ಳೇ ಟೀವಿ ಮುಂದೆ ಕುಂತಿದ್ದೆ."

ಅಂದೇ ಕ್ಲಾಸ್ ಮುಗಿದ ಮೇಲೆ ನನ್ನ ಜೊತೆ ಬಂದರು. ಮನೆಯಲ್ಲಿ ಹಾಲು ಬಿಟ್ಟು ಏನೂ ಇರಲಿಲ್ಲ. ಕಾಫಿ ಕುಡಿದು, "ರೈಲ್‌ಗೆ ಒತ್ತಾಯ್ತು, ಇನ್ನೊಂದ್ಸಲ ಬತ್ತೀನಿ," ಎಂದು ಎದ್ದರು.

ಆ ಇನ್ನೊಂದು ಸಲ ಬರಲಿಲ್ಲ. ಅವರಿಗೆ ಬಂಗಾರಪೇಟೆಯಲ್ಲೇ ಕೆಲಸ ಸಿಕ್ಕಿತು, ಕ್ಲಾಸ್ ಬಿಟ್ಟರು. ಆಮೇಲೆ ಒಂದೆರಡು ಸಲ ಫೋನ್ ಮಾಡಿದೆ. ಆ ಕಡೆ ಹೊಲಿಗೆ ಮೆಷಿನ್ನಿನ ಸದ್ದು. ಊಟ ಆಯ್ತಾ, ಆಯ್ತು. ಮಾತು ಬೇಗ ಮುಗಿಯಿತು.